ಇನ್ನು ನಮ್ಮ ಕೊಟೇಶನ್‌ನಲ್ಲಿ ‘ಸೌಂಡ್‌ಪ್ರೂಫ್’ ಇರುವುದಿಲ್ಲ, ನಂಬರ್ ಇರುತ್ತದೆ

ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ನಮ್ಮ ಕಿಟಕಿ, ಬಾಗಿಲಿನ ಕೊಟೇಶನ್ ಬೇರೆ ಥರ ಕಾಣುತ್ತದೆ. ‘ಸೌಂಡ್‌ಪ್ರೂಫ್’ ಅನ್ನುವ ಮಾತನ್ನು ತೆಗೆದಿದ್ದೇವೆ. ರಸ್ತೆ ಸದ್ದು ತಡೆಯಲು ಅಂತ ಕೇಳಿ ಬರುವವರಿಗೆ ಫೋಮ್ ಶೀಟ್ ಮಾರುವುದನ್ನೂ ನಿಲ್ಲಿಸಿದ್ದೇವೆ.

ಯಾಕೆ ಅಂತ ಹೇಳುತ್ತೇವೆ. ರಿಂಗ್ ರೋಡ್ ಪಕ್ಕದ ಒಂದು ಮನೆ. ಮಗಳು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಳು. ನಮ್ಮಿಂದ ಫೋಮ್ ಒಯ್ದು ಅವಳ ಕೋಣೆಯ ಗೋಡೆಗೆಲ್ಲ ಅಂಟಿಸಿದ್ದರು. ಬಸ್ಸಿನ ಸದ್ದು ಮಾತ್ರ ಹಾಗೇ ಇತ್ತು. ‘ಇದರ ಮೇಲೆ ಎನ್‌ಆರ್‌ಸಿ 0.85 ಅಂತಿದೆ. 85 ಪರ್ಸೆಂಟ್ ಸದ್ದು ನಿಲ್ಲಬೇಕಿತ್ತು ಅಲ್ವಾ?’ ಎಂದು ಆ ತಾಯಿ ಕೇಳಿದರು. ಮಾರುವಾಗಲೇ ನಾವು ಬಿಡಿಸಿ ಹೇಳಬೇಕಿತ್ತು. ಹೇಳಿರಲಿಲ್ಲ. ಎನ್‌ಆರ್‌ಸಿ ಅನ್ನುವುದು ಕೋಣೆಯೊಳಗಿನ ಸದ್ದನ್ನು ಶೀಟು ಎಷ್ಟು ಹೀರುತ್ತದೆ ಅನ್ನುವ ಲೆಕ್ಕ. ಅದರಿಂದ ಖಾಲಿ ಕೋಣೆ ಗುಂಯ್‌ಗುಡುವುದು ಕಮ್ಮಿಯಾಗುತ್ತದೆ, ಅಷ್ಟೇ. ಹೊರಗಿನ ಸದ್ದು ತಡೆಯಲು ತೂಕ ಬೇಕು. ಫೋಮ್ ಹಗುರ.

ಅವತ್ತು ಆ ಕೋಣೆಯ ಸ್ಲೈಡಿಂಗ್ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಅಂಚಿನ ಹತ್ತಿರ ಊದುಬತ್ತಿ ಹಿಡಿದೆವು. ನೆಟ್ಟಗೆ ಏಳುತ್ತಿದ್ದ ಹೊಗೆ ಜಾರುವ ಎರಡು ಗಾಜಿನ ಚೌಕಟ್ಟುಗಳು ಸೇರುವ ಕಡೆ ಬಂದಾಗ ಸಟ್ಟನೆ ಒಳಕ್ಕೆ ಬಾಗಿತು. ಗಾಳಿ ನುಗ್ಗುವ ಕಡೆ ಸದ್ದೂ ನುಗ್ಗುತ್ತದೆ.

ಸದ್ದು ಎಷ್ಟು ನಿಲ್ಲುತ್ತದೆ ಅಂತ ಹೇಳುವ ನಂಬರ್ ಬೇರೆ. ಅಮೆರಿಕದ ಪದ್ಧತಿಯಲ್ಲಿ ಅದು ಎಸ್‌ಟಿಸಿ, ಯುರೋಪಿನ ಪದ್ಧತಿಯಲ್ಲಿ ಆರ್‌ಡಬ್ಲ್ಯೂ. ನಮ್ಮಲ್ಲಿ ಗಾಜಿನ ಕಂಪನಿಗಳು ಎರಡನ್ನೂ ಬಳಸುತ್ತವೆ. ಒಂದೇ ಗಾಜಿಗೆ ಎರಡೂ ಹೆಚ್ಚುಕಮ್ಮಿ ಹತ್ತಿರವೇ ಬರುತ್ತವೆ. ಈ ನಂಬರ್ 10 ಏರಿದರೆ ಕೇಳುವ ಸದ್ದು ಸುಮಾರು ಅರ್ಧಕ್ಕಿಳಿದ ಹಾಗೆ ಅನಿಸುತ್ತದೆ. ಒಂದೆರಡು ನಂಬರಿನ ವ್ಯತ್ಯಾಸ ಕಿವಿಗೆ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.

ರಸ್ತೆ ಬದಿಯ ಮನೆಯವರು ಸಿಟಿಆರ್ ಅನ್ನುವ ಇನ್ನೊಂದು ನಂಬರನ್ನೂ ನೋಡಲೇಬೇಕು. ಬಸ್ಸು, ಲಾರಿಗಳ ದಪ್ಪ ಗುಡುಗುಡು ಸದ್ದು ಮಾತಿನ ಸದ್ದಿಗಿಂತ ಸುಲಭವಾಗಿ ಒಳಗೆ ಬರುತ್ತದೆ. ಅದನ್ನು ಲೆಕ್ಕಕ್ಕೆ ತರುವುದೇ ಸಿಟಿಆರ್. ಸಾಮಾನ್ಯ 6 ಎಂಎಂ ಗಾಜಿಗೆ ಆರ್‌ಡಬ್ಲ್ಯೂ 31, ಸಿಟಿಆರ್ ಮೈನಸ್ 3. ಅಂದರೆ ಟ್ರಾಫಿಕ್ ಸದ್ದಿಗೆ ಅದು 28ರ ಗಾಜು. ಇನ್ನು ಮೇಲೆ ನಮ್ಮ ಕೊಟೇಶನ್‌ನಲ್ಲಿ ಆರ್‌ಡಬ್ಲ್ಯೂ, ಸಿಟಿಆರ್ ಎರಡೂ ಇರುತ್ತವೆ. ನಂಬರ್ ಬರೀ ಗಾಜಿನದೋ, ಫ್ರೇಮ್ ಸೇರಿ ಇಡೀ ಕಿಟಕಿಯದೋ ಅನ್ನುವುದನ್ನೂ ಬರೆಯುತ್ತೇವೆ.

ಇವೆಲ್ಲ ಲ್ಯಾಬ್‌ನಲ್ಲಿ ಅಳೆದ ನಂಬರ್‌ಗಳು. ಮನೆಯಲ್ಲಿ ಕೂರಿಸಿದ ಮೇಲೆ ಐದರಷ್ಟು ಇಳಿಯುವುದು ಮಾಮೂಲು. ಸಂದು ಉಳಿದರೆ ಇನ್ನೂ ಇಳಿಯುತ್ತದೆ. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿನ ಕೆಳಗೆ ಅರ್ಧ ಇಂಚು ಸಂದು ಇದೆ ಅನ್ನಿ. ಬಾಗಿಲು 35ರದ್ದಾಗಿರಲಿ, 40ರದ್ದಾಗಿರಲಿ, ಲೆಕ್ಕ ಹಾಕಿದರೆ ಸಿಗುವುದು 22ರ ಆಸುಪಾಸು. ಅದಕ್ಕೇ ಗ್ಯಾಸ್ಕೆಟ್, ಸೀಲೆಂಟ್, ಬಾಗಿಲಡಿಯ ರಬ್ಬರ್ ಪಟ್ಟಿ ಎಲ್ಲವನ್ನೂ ನಮ್ಮ ರೇಟಿನಲ್ಲೇ ಸೇರಿಸಿದ್ದೇವೆ. ಮೊತ್ತ ಮೊದಲಿಗಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ, ನಿಜ. ಸಂದು ಮುಚ್ಚಿದರೆ ಸಾಕು ಅನ್ನುವ ಮನೆಗೆ ಅಷ್ಟನ್ನೇ ಮಾಡಿಕೊಡುತ್ತೇವೆ, ಹೊಸ ಕಿಟಕಿ ಬೇಕಿಲ್ಲ.

ಒಂದಕ್ಕೆ ಮಾತ್ರ ನಾವು ಒಪ್ಪುವುದಿಲ್ಲ. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ವೆಂಟಿಲೇಟರನ್ನು ಯಾರು ಹೇಳಿದರೂ ಮುಚ್ಚುವುದಿಲ್ಲ. ಅದು ಜೀವದ ಪ್ರಶ್ನೆ. ಅಡುಗೆಮನೆಗೂ ಗಾಳಿ ಆಡಬೇಕು.

ರಸ್ತೆ ಸದ್ದಿಗೆಂದು ನಮ್ಮಲ್ಲಿ ಫೋಮ್ ಕೊಂಡವರು ಬಿಲ್ ತನ್ನಿ. ಅಂಟಿಸಿದ್ದರೂ ಪರವಾಗಿಲ್ಲ, ದುಡ್ಡು ವಾಪಸ್ ಕೊಡುತ್ತೇವೆ. ಹೊಸದಾಗಿ ಅಳತೆಗೆ ಕರೆಯುವವರು ಹಿಂದಿನ ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಯಾರಾದರೂ ಕಿಟಕಿಯ ಅಂಚಿಗೆ ಟಾರ್ಚ್ ಬಿಡಲಿ. ಬೆಳಕು ತೂರಿ ಬಂದ ಕಡೆಯೆಲ್ಲ ಚಾಕ್‌ಪೀಸ್‌ನಿಂದ ಗುರುತು ಹಾಕಿಡಿ. ನಮ್ಮ ಹುಡುಗರು ಅಲ್ಲಿಂದಲೇ ಕೆಲಸ ಶುರು ಮಾಡುತ್ತಾರೆ.

ಇಂತಿ,
ನಿಮ್ಮ ಕಿಟಕಿ-ಬಾಗಿಲು ವರ್ಕ್‌ಶಾಪ್‌ನವರು