ಶಾರ್ಟ್‌ಕಟ್ ಬೇರೆ, ಸಿಂಬಾಲಿಕ್ ಲಿಂಕ್ ಬೇರೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಆಪರೇಟಿಂಗ್ ಸಿಸ್ಟಂ ಬಗ್ಗೆ ಪ್ರಶ್ನೋತ್ತರ ಬಂದಿತ್ತು. ಕನ್ನಡದಲ್ಲಿ ಇಂಥದ್ದು ಬರುವುದೇ ಅಪರೂಪ, ನೋಡಿ ಖುಷಿಯಾಯಿತು. ಆದರೆ ‘ಸಿಂಬಾಲಿಕ್ ಲಿಂಕ್ ಅಂದರೆ ಶಾರ್ಟ್‌ಕಟ್’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸಿಂಬಾಲಿಕ್ ಲಿಂಕ್ ಅಂದರೆ ಬೇರೆ ಕಡೆ ಇರುವ ಫೈಲ್ ಅಥವಾ ಫೋಲ್ಡರಿನ ವಿಳಾಸ ಹಿಡಿದಿರುವ, ಆಪರೇಟಿಂಗ್ ಸಿಸ್ಟಂ ತಾನೇ ಹಿಂಬಾಲಿಸುವ ಗುರುತು. ನಾನು ಸಿಂಧನೂರಿನಲ್ಲಿ 14 ವರ್ಷದಿಂದ ಡಿಗ್ರಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಈ ಉತ್ತರವನ್ನು ಪ್ರತಿ ವರ್ಷವೂ ತಿದ್ದುತ್ತೇನೆ. ಪೇಪರಿನಲ್ಲೂ ಅದೇ ಬಂದರೆ ಮಕ್ಕಳು ನನ್ನ ಮಾತು ನಂಬುತ್ತಾರಾ?

ಈ ವಿಷಯಕ್ಕೆ ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ಪಾಠಕ್ಕೆ ಬರುವ ಮೊದಲು ರಾಯಚೂರಿನ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಅಲ್ಲಿದ್ದದ್ದು ಲಿನಕ್ಸ್ ಕಂಪ್ಯೂಟರ್. ಜಾಗ ಸಾಲದೆ ಹಳೆಯ ಲೆಕ್ಕಗಳನ್ನು ಎರಡನೇ ಡಿಸ್ಕ್‌ಗೆ ಸಾಗಿಸಿ, ಮೊದಲಿನ ಫೋಲ್ಡರಿನಲ್ಲಿ ಲಿಂಕ್ ಇಟ್ಟಿದ್ದೆವು. ಬ್ಯಾಕಪ್ ಮಾಡಲು ಬಂದವರು ಆ ಫೋಲ್ಡರನ್ನು ಟಾರ್ (ಫೈಲ್‌ಗಳನ್ನು ಒಂದೇ ಕಟ್ಟಾಗಿ ಕಟ್ಟುವ ಪ್ರೋಗ್ರಾಂ) ಮಾಡಿಕೊಂಡು ಎರಡೂ ಡಿಸ್ಕ್ ಫಾರ್ಮ್ಯಾಟ್ ಮಾಡಿದರು. ಟಾರ್ ಲಿಂಕನ್ನು ಲಿಂಕ್ ಆಗಿಯೇ ಕಟ್ಟಿಡುತ್ತದೆ. ಅದು ತೋರಿಸುವ ಫೈಲ್ ಕೂಡ ಬೇಕೆಂದರೆ ಬೇರೆಯಾಗಿ ಹೇಳಬೇಕು. ಆಮೇಲೆ ತೆರೆದು ನೋಡಿದರೆ ಹೆಸರುಗಳೆಲ್ಲ ಇವೆ, ಒಂದೂ ತೆರೆಯುತ್ತಿಲ್ಲ! ಮೂರು ವರ್ಷದ ತೂಕದ ಲೆಕ್ಕ, ರೈತರ ಬಾಕಿ ಎಲ್ಲ ಹೋಯಿತು. ಕೈಬರಹದ ಚೀಟಿ ಹುಡುಕಿ ಹುಡುಕಿ ಎರಡು ತಿಂಗಳು ಟೈಪ್ ಮಾಡಿದೆ.

ಮಕ್ಕಳಿಗೆ ನಾನು ಹೇಳುವುದು ಹೀಗೆ. ಅಂಗಡಿ ಗಂಜ್‌ಗೆ (ಮಾರುಕಟ್ಟೆ ಪ್ರಾಂಗಣಕ್ಕೆ) ಹೋದರೆ ಹಳೆಯ ಬಾಗಿಲಿಗೆ ‘ಗಂಜ್‌ನಲ್ಲಿ ಇಂಥ ನಂಬರಿಗೆ ಬನ್ನಿ’ ಅಂತ ಬೋರ್ಡ್ ಹಾಕುತ್ತಾರಲ್ವಾ? ಆ ಬೋರ್ಡೇ ಸಿಂಬಾಲಿಕ್ ಲಿಂಕ್. ಬೋರ್ಡಿನ ಫೋಟೊ ತೆಗೆದುಕೊಂಡರೆ ಒಳಗಿನ ಮಾಲು ಬರುವುದಿಲ್ಲ. ಹಾರ್ಡ್ ಲಿಂಕ್ ಅಂದರೆ ಒಂದೇ ಫೈಲಿಗೆ ಎರಡು ಹೆಸರು, ಒಂದೇ ಅಂಗಡಿಗೆ ಎರಡು ಬಾಗಿಲು ಇದ್ದ ಹಾಗೆ. ಒಂದನ್ನು ಮುಚ್ಚಿದರೂ ಅಂಗಡಿ ಇದ್ದೇ ಇರುತ್ತದೆ. ಆದರೆ ಎರಡನೇ ಬಾಗಿಲು ಬೇರೆ ಡಿಸ್ಕಿನಲ್ಲಿ ಇರಲು ಆಗುವುದಿಲ್ಲ.

ಈ ಬೋರ್ಡನ್ನು ಎಲ್ಲಿ ಬರೆದಿಡಬೇಕು? ಆಪರೇಟಿಂಗ್ ಸಿಸ್ಟಂ ಕಟ್ಟುವವರ ಜಾಣತನ ಇರುವುದು ಇಲ್ಲೇ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ 1983ರ 4.2 ಬಿಎಸ್‌ಡಿ ಆವೃತ್ತಿಯಿಂದ ಸಿಂಬಾಲಿಕ್ ಲಿಂಕ್ ಎಲ್ಲರ ಬಳಕೆಗೆ ಬಂತು. ಸುಲಭದ ದಾರಿ ಅಂದರೆ, ‘ಇದು ಲಿಂಕ್’ ಎಂದು ಗುರುತು ಹಾಕಿದ ಒಂದು ಫೈಲ್ ಮಾಡಿ, ಅದರೊಳಗೆ ವಿಳಾಸ ಬರೆಯುವುದು. ಆದರೆ ನಾಲ್ಕು ಅಕ್ಷರದ ವಿಳಾಸಕ್ಕೂ ಡಿಸ್ಕ್‌ನಲ್ಲಿ ಒಂದು ಇಡೀ ಬ್ಲಾಕ್ (ಡಿಸ್ಕ್ ಜಾಗ ಹಂಚುವ ತುಂಡು) ಹೋಗುತ್ತದೆ, ಓದಲು ಒಂದು ಸುತ್ತು ಜಾಸ್ತಿ. ಲಿನಕ್ಸ್‌ನ ಎಕ್ಸ್‌ಟ್2, ಎಕ್ಸ್‌ಟ್4 ಎಂಬ ಫೈಲ್ ಸಿಸ್ಟಂಗಳು (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆಗಳು) ಇದಕ್ಕೆ ಒಳ್ಳೆಯ ಉಪಾಯ ಮಾಡಿವೆ. ಪ್ರತಿ ಫೈಲ್‌ಗೂ ಐನೋಡ್ ಎಂಬ ದಾಖಲೆ ಇರುತ್ತದೆ. ಫೈಲಿನ ಬ್ಲಾಕ್‌ಗಳು ಎಲ್ಲಿವೆ ಎಂದು ಬರೆಯಲು ಅದರಲ್ಲಿ 60 ಬೈಟ್ ಜಾಗ ಇದೆ. ವಿಳಾಸ 59 ಬೈಟ್‌ನೊಳಗೆ ಇದ್ದರೆ ಅದನ್ನು ಅಲ್ಲೇ ಬರೆದುಬಿಡುತ್ತದೆ. ಬೇರೆ ಬ್ಲಾಕ್ ಬೇಕಿಲ್ಲ.

ಇಲ್ಲಿ ನಮ್ಮ ಕನ್ನಡದ ಲೆಕ್ಕ ಬರುತ್ತದೆ, ನನಗೆ ಬಹಳ ಇಷ್ಟದ ಭಾಗ. ‘ಹತ್ತಿ’ ಎಂಬ ಫೋಲ್ಡರಿಗೆ ಲಿಂಕ್ ಮಾಡಿ ಅದರ ಅಳತೆ ನೋಡಲು ಹೇಳುತ್ತೇನೆ. 15 ಎಂದು ತೋರಿಸುತ್ತದೆ. ಎರಡೇ ಅಕ್ಷರ, 15 ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಹ, ತ, ಹಲಂತ, ಇನ್ನೊಂದು ತ, ಗುಡಿಸು. ಒಟ್ಟು ಐದು. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್. ಅಂದರೆ ಐನೋಡ್‌ನ ಆ ಜಾಗದಲ್ಲಿ ಇಂಥ ಕನ್ನಡ ಚಿಹ್ನೆ 19 ಮಾತ್ರ ಹಿಡಿಯುತ್ತವೆ. ಲಿಂಕಿನೊಳಗೆ ಇರುವುದು ಬರೀ ವಿಳಾಸ ಎನ್ನುವುದು ಆ 15 ನೋಡಿದ ಮೇಲೆ ಮಕ್ಕಳಿಗೆ ಮರೆಯುವುದಿಲ್ಲ.

ವಿಂಡೋಸ್ ಶಾರ್ಟ್‌ಕಟ್ ಇದಲ್ಲ. ಅದು ಮಾಮೂಲಿ ಫೈಲ್. ಅದನ್ನು ಅರ್ಥ ಮಾಡಿಕೊಳ್ಳುವುದು ಎಕ್ಸ್‌ಪ್ಲೋರರ್‌ನಂಥ ಪ್ರೋಗ್ರಾಂಗಳು. ನೀವು ಬರೆದ ಸಿ ಪ್ರೋಗ್ರಾಂ ಅದನ್ನು ತೆರೆದರೆ ಶಾರ್ಟ್‌ಕಟ್‌ನ ಬೈಟ್‌ಗಳೇ ಸಿಗುತ್ತವೆ. ಸಿಂಬಾಲಿಕ್ ಲಿಂಕ್ ತೆರೆದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತಾನೇ ವಿಳಾಸ ಓದಿ ನಿಜವಾದ ಫೈಲ್‌ಗೆ ಮುಟ್ಟಿಸುತ್ತದೆ. ಪ್ರೋಗ್ರಾಂಗೆ ಗೊತ್ತೂ ಆಗುವುದಿಲ್ಲ. ವಿಂಡೋಸ್‌ನಲ್ಲೂ ವಿಸ್ತಾ ಆವೃತ್ತಿಯಿಂದ ನಿಜವಾದ ಸಿಂಬಾಲಿಕ್ ಲಿಂಕ್ ಇದೆ, ವಿಂಡೋಸ್‌ನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್‌ನಲ್ಲಿ ರೀಪಾರ್ಸ್ ಪಾಯಿಂಟ್ ಎಂಬ ವಿಶೇಷ ಗುರುತಾಗಿ. ಪೆನ್‌ಡ್ರೈವ್‌ಗಳ ಫ್ಯಾಟ್32 ಫೈಲ್ ಸಿಸ್ಟಂನಲ್ಲಿ ಮಾತ್ರ ಅದಕ್ಕೆ ಜಾಗವೇ ಇಲ್ಲ. ಇನ್ನು ಎರಡು ಲಿಂಕ್ ಒಂದನ್ನೊಂದು ತೋರಿಸುತ್ತಾ ಕೂತರೆ? ಲಿನಕ್ಸ್ 40 ಲಿಂಕ್ ದಾಟಿದ ಮೇಲೆ ಸಾಕು ಎಂದು ನಿಲ್ಲಿಸುತ್ತದೆ.

ದಯವಿಟ್ಟು ಮುಂದಿನ ವಾರ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಚಿಕ್ಕದಾದರೂ ಪರವಾಗಿಲ್ಲ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು, ನಮ್ಮ ಮಕ್ಕಳು ನಿಮ್ಮ ಪುಟ ಕತ್ತರಿಸಿ ನೋಟ್ಸ್‌ಗೆ ಅಂಟಿಸಿಕೊಳ್ಳುತ್ತಾರೆ.

– ಕಂಪ್ಯೂಟರ್ ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ