ಕೊರೊನಾ ಕಾಲದಲ್ಲಿ ನಮ್ಮ ರೇಡಿಯೋ ಕೈಬಿಡದವರಿಗೆ

ಈ ತಿಂಗಳ ಕೊನೆಗೆ ಹಾಸನ ಆಕಾಶವಾಣಿಯಿಂದ ನಿವೃತ್ತನಾಗುತ್ತಿದ್ದೇನೆ. ಬೀಳ್ಕೊಡುಗೆಯ ದಿನ ಹಾರ, ಶಾಲು ಎಲ್ಲ ಇರುತ್ತದೆ. ಮಾತಾಡಲು ಐದು ನಿಮಿಷ ಸಿಕ್ಕರೆ ಜಾಸ್ತಿ. ಕೊರೊನಾ ಕಾಲದಲ್ಲಿ ಜಿಲ್ಲೆಯ ಸುದ್ದಿ ನಿಲ್ಲದಂತೆ ನೋಡಿಕೊಂಡವರಿಗೆ ಹೇಳಬೇಕಾದ್ದು ಅಷ್ಟರಲ್ಲಿ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಬಸ್ ನಿಂತವು. ಎಷ್ಟೋ ಹಳ್ಳಿಗೆ ಪೇಪರ್ ಬರಲಿಲ್ಲ. ಸಕಲೇಶಪುರದಾಚೆ ಹೆತ್ತೂರು, ಯಸಳೂರು ಕಡೆ ಫೋನ್ ಮಾಡಬೇಕೆಂದರೆ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಮನೆಗಳಿವೆ. ಅವರಿಗೆ ರೇಡಿಯೋನೇ ಗತಿ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಕೊಡುವಂತಿಲ್ಲ. ಹಾಗಾಗಿ ನಾವು ಹೇಳದಿದ್ದರೆ ಅವರಿಗೆ ಊರಿನ ಸುದ್ದಿ ಹೇಳುವವರೇ ಇರಲಿಲ್ಲ.

ಮೇ 12ರವರೆಗೆ ಹಾಸನ ಹಸಿರು ವಲಯದಲ್ಲಿತ್ತು. ಅವತ್ತು ಮುಂಬೈಯಿಂದ ಬಂದ ಐದು ಜನರಿಗೆ ಸೋಂಕು ಇರುವುದು ಗೊತ್ತಾಯಿತು. ಆಫೀಸಿನ ಫೋನಿಗೆ ಬಿಡುವೇ ಇಲ್ಲ. "ಯಾವ ಊರು ಸಾರ್? ಯಾರ ಮನೆಯವರು?" ಎಲ್ಲರದ್ದೂ ಅದೇ ಪ್ರಶ್ನೆ. ಚನ್ನರಾಯಪಟ್ಟಣದ ಕಡೆಯ ಎಷ್ಟೋ ಮನೆಯ ಮಕ್ಕಳು ಮುಂಬೈಯಲ್ಲಿ ದುಡಿಯುತ್ತಾರೆ. ಕೆಲಸ ನಿಂತ ಮೇಲೆ ಊರಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕಿತ್ತು? ಮನೆ ಯಾರದ್ದು ಅಂತ ಗೊತ್ತಾಗುವ ಒಂದು ಮಾತೂ ಬೇಡ ಎಂದು ನಾವು ಗಟ್ಟಿ ಮಾಡಿಕೊಂಡೆವು. ಸುಮಾರು ಜನ ಸಿಟ್ಟಾದರು. ಸಂಜೆ ಒಬ್ಬರು ಮಾತ್ರ, "ಒಳ್ಳೇ ಕೆಲಸ ಮಾಡಿದ್ರಿ ಸಾರ್, ನನ್ನ ತಮ್ಮನೂ ಅಲ್ಲಿಂದ ಹೊರಟಿದ್ದಾನೆ" ಎಂದರು. ಅವರ ಹೆಸರು ಕೇಳಲಿಲ್ಲ. ಆಮೇಲೆ ಎಷ್ಟು ಒತ್ತಡ ಬಂದರೂ ನಮ್ಮ ನಿರ್ಧಾರ ಬದಲಾಗದಿರಲು ಆ ಒಂದು ಫೋನೇ ಕಾರಣ. ಅಣ್ಣಾ, ನೀವು ಯಾರೇ ಆಗಿರಿ, ನಿಮಗೆ ನನ್ನ ನಮಸ್ಕಾರ.

2021ರ ಮೇ ತಿಂಗಳು ಇದಕ್ಕಿಂತ ಕಷ್ಟವಾಯಿತು. ಆಕ್ಸಿಜನ್ ಕಡಿಮೆಯಾದರೂ ಕೆಲವರಿಗೆ ಏದುಸಿರು ಬರುವುದಿಲ್ಲ, ಆರಾಮಾಗೇ ಇರುತ್ತಾರೆ, ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಡಾಕ್ಟರುಗಳು ಇದನ್ನು ನಮ್ಮಲ್ಲಿ ಚೆನ್ನಾಗಿಯೇ ವಿವರಿಸಿದ್ದರು. ಆದರೆ ಜನರ ಕಿವಿಗೆ ಬಿದ್ದದ್ದು ಅರಕಲಗೂಡು ಕಡೆಯ ಒಬ್ಬ ಆಶಾ ಕಾರ್ಯಕರ್ತೆಯ ಮಾತು. ಮನೆಮನೆ ಸುತ್ತುವುದರ ನಡುವೆ ಯಾರದೋ ಜಗುಲಿಯಲ್ಲಿ ಕೂತು ವಾಟ್ಸಾಪಿನಲ್ಲಿ ಕಳಿಸಿದ್ದರು. "ಬೆರಳಿಗೆ ಕ್ಲಿಪ್ ಹಾಕಿ ನೋಡ್ಕಳಿ. 94ಕ್ಕಿಂತ ಕೆಳಗೆ ಬಂದ್ರೆ, ನಂಗೇನೂ ಆಗಿಲ್ಲ ಅಂತ ಮನೇಲಿ ಕೂರಬೇಡಿ, ಫೋನ್ ಮಾಡಿ." ಹಿಂದೆ ಕೋಳಿ ಕೂಗುತ್ತಿತ್ತು. "ಕೋಳಿ ಬಂದ್ಬಿಟ್ಟಿದೆ, ಮತ್ತೆ ಹೇಳ್ಲಾ ಸಾರ್?" ಅಂತ ಕೇಳಿದರು. ಬೇಡಮ್ಮ ಅಂದೆ. ಹಾಗೇ ಪ್ರಸಾರ ಮಾಡಿದೆವು. ಮರುದಿನ ಅವರ ಮಾತು ಕೇಳಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಒಂದು ಮನೆಯಿಂದ ಫೋನ್ ಬಂತು. ಅಮ್ಮಾ, ಅದರ ಪುಣ್ಯ ಪೂರ್ತಿ ನಿಮ್ಮದು.

ಜೂನ್ 14ರಿಂದ ರಾಜ್ಯದ ಬೇರೆ ಕಡೆ ಸಡಿಲವಾದರೂ ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಹಾಗೇ ಮುಂದುವರಿಯಿತು. ಆಗಲೂ ನಮ್ಮ ತಾತ್ಕಾಲಿಕ ಉದ್ಘೋಷಕರು ಒಂದು ಡ್ಯೂಟಿಯನ್ನೂ ತಪ್ಪಿಸಲಿಲ್ಲ. ಡ್ಯೂಟಿ ಮಾಡಿದರಷ್ಟೇ ದುಡ್ಡು ಅವರಿಗೆ, ಆದರೂ ದುಡ್ಡಿಗೋಸ್ಕರ ಬಂದವರಲ್ಲ. ಮೈಕಿನ ಸ್ಪಂಜು ಒಬ್ಬೊಬ್ಬರಿಗೆ ಒಂದೊಂದು, ಮೇಲೆ ಟೇಪಿನಲ್ಲಿ ಹೆಸರಿನ ಮೊದಲಕ್ಷರ. ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು ಬಟನ್‌ಗಳನ್ನು ಸ್ಪಿರಿಟಿನಲ್ಲಿ ಒರೆಸಿ ಕೂರುತ್ತಿದ್ದರು. ಟ್ರಾನ್ಸ್‌ಮಿಟರ್ ನೋಡಿಕೊಂಡ ಇಂಜಿನಿಯರ್‌ಗಳಿಗೂ, ಎಷ್ಟು ರಾತ್ರಿಯಾದರೂ ಅಂಕಿ ಸರಿಯಿದೆಯಾ ಎಂದು ಇನ್ನೊಮ್ಮೆ ನೋಡಿ ಹೇಳುತ್ತಿದ್ದ ಆರೋಗ್ಯ ಇಲಾಖೆಯ ಗೆಳೆಯರಿಗೂ ನಾನು ಋಣಿ.

ಬೇಲೂರು ಕಡೆಯಿಂದ ಸುದ್ದಿ ಕಳಿಸುತ್ತಿದ್ದ ಗೆಳೆಯ ಎರಡನೇ ಅಲೆಯಲ್ಲಿ ಹೋಗಿಬಿಟ್ಟ. ಅವನ ಹೆಂಡತಿ ಮಕ್ಕಳಿಗೆ ಇದನ್ನು ಹೇಳಲೇಬೇಕು: ಅವನ ಸುದ್ದಿಯನ್ನು ನಾನು ಎರಡನೇ ಸಲ ವಿಚಾರಿಸಬೇಕಾಗಿ ಬಂದದ್ದೇ ಇಲ್ಲ.

ಆಗ ನೀವೆಲ್ಲ ಕಳಿಸಿದ ಧ್ವನಿಗಳನ್ನು ತಾಲ್ಲೂಕುವಾರು ಜೋಡಿಸಿ ಇಟ್ಟಿದ್ದೇನೆ, ಗೆಳೆಯನದ್ದೂ ಅದರಲ್ಲಿದೆ. ನಿಮ್ಮದೋ ನಿಮ್ಮ ಮನೆಯವರದ್ದೋ ಬೇಕಿದ್ದರೆ ಈ ತಿಂಗಳೊಳಗೆ ಪೆನ್‌ಡ್ರೈವ್ ಹಿಡಿದುಕೊಂಡು ಆಫೀಸಿಗೆ ಬನ್ನಿ, ಹಾಕಿಕೊಡುತ್ತೇನೆ.