ಹೆಸರಾದ ಆಟಗಾರನನ್ನು ತರುವ ಮುನ್ನ

ತೀರ್ಥಹಳ್ಳಿ

ಚಿ. ಪ್ರಣವನಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ತೋಟಕ್ಕೆ ಕೊಳೆ ಔಷಧಿ ಒಂದು ಸುತ್ತು ಆಗಿದೆ.

ಅಮೆರಿಕನ್ ಫುಟ್‌ಬಾಲ್ ತಂಡದ ಕಚೇರಿಯಲ್ಲಿ ನಿನಗೆ ಕೆಲಸ ಸಿಕ್ಕಿದ್ದು ತುಂಬಾ ಸಂತೋಷ. ಹೆಸರು ಮಾಡಿದ ಆಟಗಾರನಿಗಾಗಿ ಡ್ರಾಫ್ಟ್ ಪಿಕ್‌ಗಳನ್ನು (ಪ್ರತಿ ವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳನ್ನು) ಎಷ್ಟು ಧಾರಾಳವಾಗಿ ಕೊಡಬಹುದು ಅಂತ ಕೇಳಿದ್ದೀಯ. ತಂಡದ ಬೆನ್ನೆಲುಬು ಗಟ್ಟಿಯಾಗಿದ್ದು ಒಂದೆರಡು ಜಾಗ ಮಾತ್ರ ಖಾಲಿ ಇದ್ದರೆ ಕೈಬಿಚ್ಚಿ ಕೊಡಿ. ತಂಡವೇ ಸೊರಗಿದ್ದರೆ ಮೊದಲ ಸುತ್ತಿನ ಪಿಕ್ ಮುಟ್ಟಲೇಬೇಡಿ.

ಪಿಕ್‌ನ ಬೆಲೆ ಇರುವುದು ಅಗ್ಗದ ವರ್ಷಗಳಲ್ಲಿ. ಮೊದಲ ಸುತ್ತಿನ ಹುಡುಗ ನಾಲ್ಕು ವರ್ಷ ನಿಗದಿತ ಸಂಬಳಕ್ಕೆ ಆಡುತ್ತಾನೆ, ಐದನೆಯ ವರ್ಷವೂ ಉಳಿಸಿಕೊಳ್ಳುವ ಹಕ್ಕು ತಂಡದ್ದು. ಹೆಸರಾದವನಿಗೆ ನೀವು ಎರಡು ಸಲ ತೆರಬೇಕು: ಮೊದಲು ಪಿಕ್, ಆಮೇಲೆ ಸಂಬಳ. 2025ರಲ್ಲಿ ಇಡೀ ತಂಡದ ಸಂಬಳದ ಮಿತಿಯೇ 27.92 ಕೋಟಿ ಡಾಲರ್.

ಮುಂದಿನ ವರ್ಷದ ಪಿಕ್ ಕೊಡುವುದು ಹಿಂಗಾರ ಒಡೆಯುವ ಮೊದಲೇ ಅಡಿಕೆ ತೋಟದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟ ಹಾಗೆ. ಇಲ್ಲಿ ಇನ್ನೊಂದು ಅಪಾಯವೂ ಉಂಟು, ಹೆಚ್ಚು ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮುಂಚಿನ ಸರದಿ ಸಿಗುವುದರಿಂದ ನೀವು ಸೋತಷ್ಟೂ ಪಿಕ್ ಪಡೆದವರ ಫಸಲು ಹೆಚ್ಚುತ್ತದೆ. 2022ರಲ್ಲಿ ಡೆನ್ವರ್ ತಂಡ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವ) ರಸೆಲ್ ವಿಲ್ಸನ್‌ಗಾಗಿ ಸಿಯಾಟಲ್‌ಗೆ ಎರಡು ಮೊದಲ ಸುತ್ತಿನ ಪಿಕ್, ಎರಡು ಎರಡನೆಯ ಸುತ್ತಿನ ಪಿಕ್, ಒಂದು ಐದನೆಯದು, ಜೊತೆಗೆ ಮೂವರು ಆಟಗಾರರನ್ನು ಕೊಟ್ಟಿತು. ಡೆನ್ವರ್ ಆ ವರ್ಷ 5 ಗೆದ್ದು 12 ಸೋತಿತು. ಹಾಗಾಗಿ 2023ರ ಅದರ ಪಿಕ್ ಇಡೀ ಡ್ರಾಫ್ಟ್‌ನಲ್ಲಿ ಐದನೆಯದಾಯಿತು, ಅದರಲ್ಲಿ ಸಿಯಾಟಲ್ ಡೆವನ್ ವಿದರ್‌ಸ್ಪೂನ್‌ನನ್ನು ಆರಿಸಿಕೊಂಡಿತು. ವಿಲ್ಸನ್‌ನ ಹಳೆಯ ಕರಾರಿನಲ್ಲಿ ಇನ್ನೂ ಎರಡು ವರ್ಷ ಬಾಕಿಯಿತ್ತು. ಆದರೂ ಒಂದೂ ಪಂದ್ಯ ಆಡಿಸಿ ನೋಡದೆ ಡೆನ್ವರ್ 24.5 ಕೋಟಿ ಡಾಲರ್‌ನ ಹೊಸ ಕರಾರು ಬರೆಯಿತು. 2024ರಲ್ಲಿ ಅವನನ್ನು ಬಿಟ್ಟಾಗ 8.5 ಕೋಟಿ ಡಾಲರ್ ಸಂಬಳದ ಮಿತಿಯ ಲೆಕ್ಕದಲ್ಲಿ ದಂಡವಾಗಿ ಉಳಿಯಿತು. ನನ್ನ ಪ್ರಕಾರ ಪಿಕ್‌ಗಳಿಗಿಂತ ದೊಡ್ಡ ತಪ್ಪು ಆ ಅವಸರದ ಕರಾರು. ಬಾಕಿ ವರ್ಷಗಳಿದ್ದರೆ ಒಂದು ಋತು ಆಡಿಸಿ ನೋಡಿ ಅಂತ ನಿಮ್ಮವರಿಗೆ ಹೇಳು.

ಲಾಸ್ ಏಂಜಲೀಸ್ ರ‍್ಯಾಮ್ಸ್ 2021ರಲ್ಲಿ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್‌ಗಾಗಿ ಎರಡು ಮೊದಲ ಸುತ್ತಿನ ಪಿಕ್, ಒಂದು ಮೂರನೆಯದು, ಜೊತೆಗೆ ತನ್ನ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್‌ನನ್ನೇ ಕೊಟ್ಟಿತು. ಆದರೆ ಅಲ್ಲಿ ಆರನ್ ಡೊನಾಲ್ಡ್, ರ‍್ಯಾಮ್ಸಿ, ಕೂಪರ್ ಕಪ್ ಅವರಂಥ ಹೆಸರಾದ ಆಟಗಾರರು ಆಗಲೇ ಇದ್ದರು. 2022ರ ಫೆಬ್ರವರಿಯಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಮರುವರ್ಷ ಅವರೂ 5-12ಕ್ಕೆ ಕುಸಿದು, ಕೊಟ್ಟ ಪಿಕ್ ಆರನೆಯದಾಯಿತು. ಟ್ರೋಫಿ ಕೈಯಲ್ಲಿದ್ದುದರಿಂದ ಅದು ನಷ್ಟ ಅನ್ನಿಸಲಿಲ್ಲ.

ನಿನಗೆ ನೇರವಾಗಿ ಉಪಯೋಗಕ್ಕೆ ಬರುವುದು ಬೋನಸ್ ಲೆಕ್ಕ. ಕರಾರಿಗೆ ಸಹಿ ಹಾಕಿದ್ದಕ್ಕೆ ಕೊಡುವ ಬೋನಸ್ಸನ್ನು ಸಂಬಳದ ಮಿತಿಯ ಲೆಕ್ಕದಲ್ಲಿ ಐದು ವರ್ಷದವರೆಗೆ ಹಂಚುತ್ತಾರೆ. ಆಟಗಾರ ಕೈಬದಲಾದರೆ ಅದರ ಬಾಕಿ ಹಳೆಯ ತಂಡದ ತಲೆಗೇ ಬೀಳುತ್ತದೆ, ಹೊಸ ತಂಡ ಉಳಿದ ಸಂಬಳ ಕೊಟ್ಟರೆ ಸಾಕು. 2022ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಕ್ಯಾರೊಲೈನಾ ತಂಡದಿಂದ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿಯನ್ನು ತಂದಾಗ ಅವನ ಆ ವರ್ಷದ ಸಂಬಳದ ದೊಡ್ಡ ಪಾಲನ್ನು ಕ್ಯಾರೊಲೈನಾ ಮೊದಲೇ ಬೋನಸ್ಸಾಗಿ ಕೊಟ್ಟಾಗಿತ್ತು. ಪಿಕ್‌ಗಳೂ ಎರಡು, ಮೂರು, ನಾಲ್ಕು, ಐದನೆಯ ಸುತ್ತಿನವು, ಮೊದಲ ಸುತ್ತಿನದು ಒಂದೂ ಇಲ್ಲ. ಮಾರುವವರ ಜೊತೆ ಮಾತಿಗೆ ಕೂರುವಾಗ ಮೊದಲು ಈ ಬೋನಸ್ಸಿನ ಸಾಲು ಓದು. ಆಮೇಲೆ ವಯಸ್ಸು, ಗಾಯದ ಇತಿಹಾಸ, ಅವರು ಯಾಕೆ ಮಾರುತ್ತಿದ್ದಾರೆ ಎಂಬುದು.

ಆಟಗಾರರನ್ನು ಕೊಟ್ಟು ತರಲು ಇರುವ ನವೆಂಬರ್ ಆರಂಭದ ಗಡುವಿನ ದಿನ ಫೋನ್ ಮೇಲೆ ಫೋನ್ ಬರುವಾಗ ಯಾರ ಲೆಕ್ಕವೂ ನೆಟ್ಟಗಿರುವುದಿಲ್ಲ. ಯಾವ ಆಟಗಾರನಿಗೆ ಎಲ್ಲಿಯವರೆಗೆ ಹೋಗಬಹುದು ಅಂತ ಅಕ್ಟೋಬರ್‌ನಲ್ಲೇ ಬರೆದು, ಮೇಲಿನವರ ಒಪ್ಪಿಗೆ ಪಡೆದಿಟ್ಟುಕೋ.

ಇತಿ,
ನಿನ್ನ ದೊಡ್ಡಪ್ಪ